ಆಕ್ರಾಂತ ಗ್ರೀಸಿನಲ್ಲಿ ಪ್ರಾಚ್ಯವಸ್ತುಗಳ ಅಪಹರಣ

ಯುದ್ಧದಲ್ಲಿ ಪರವಶವಾದ ದೇಶವು ತನ್ನ ಪ್ರಾಚೀನ ಸಂಪತ್ತನ್ನು ಎರಡು ವಿಧವಾಗಿ ಕಳೆದುಕೊಳ್ಳುತ್ತದೆ. ಸಂಗ್ರಹಿಸಿಟ್ಟ ವಸ್ತುವು ಅಪಹೃತವಾಗುವುದು ಒಂದು. ಇನ್ನೂ ನೆಲದೊಳಗಿರುವುದನ್ನು ಆಕ್ರಮಿಸಿದವರೇ ಅಗೆದು ಒಯ್ಯುವುದು ಇನ್ನೊಂದು. ಎರಡನೆಯದರಿಂದ ಇತಿಹಾಸಕ್ಕಾಗುವ ಹಾನಿಯು ಹೆಚ್ಚಿನದೆಂಬುದನ್ನು ಎರಡನೆಯ ಮಹಾಯುದ್ಧಕಾಲದ ಗ್ರೀಸ್ ದೇಶದ ನಿದರ್ಶನದಿಂದ ಇಲ್ಲಿ ವಿಚಾರಿಸಲಾಗುವುದು.

1940ರ ಅಕ್ಟೋಬರ್ 28ರಂದು ಇಟಲಿಯು ದಂಡೆತ್ತಿ ಬಂದೊಡನೆಯೇ ಅಥೆನ್ಸಿನ ರಾಷ್ಟ್ರೀಯ ಸಂಗ್ರಹಾಲಯದ ಅಧಿಕಾರಿಗಳು ಎಚ್ಚೆತ್ತರು. ಕಟ್ಟಡದ ನೆಲವನ್ನೇ ಅಗೆಯಿಸಿ, ಆಳವಾದ ಗುಂಡಿಗಳಲ್ಲಿ ಶಿಲಾಪ್ರತಿಮೆಗಳನ್ನಿಳಿಸಿ ಮರಳಿನಿಂದ ಮುಚ್ಚಿದರು. 1941ರ ಏಪ್ರಿಲ್ 27ರಂದು ಜರ್ಮನ್ ಸೈನ್ಯವು ನಗರವನ್ನು ಹೊಕ್ಕಾಗ ಸಂಗ್ರಹಾಲಯದ ಶಾಲೆಗಳು ಬರಿದಾಗಿದ್ದುವು. ತಾವು ಬಲ್ಲ ವಸ್ತುಗಳನ್ನು ಅವರು ಹೀಗೆ ಕಾಪಾಡಿದರು. ಆದರೆ ಯಾರೂ ಇನ್ನೂ ಕಾಣದೆ ಮಣ್ಣಿನಲ್ಲಿರುವುದನ್ನು ಬಚ್ಚಿಡುವ ಬಗೆ ಯಾವುದು?

ಕ್ರೀಟ್ ದ್ವೀಪದ ಕ್ನೊಸ್ಸೊಸ್‌ನಲ್ಲಿ ಆರ್ಥರ್ ಇವಾನ್ಸನು 1900ರಲ್ಲಿ ಉತ್ಖನನವನ್ನಾರಂಭಿಸಿದ್ದನು. ಅಲ್ಲಿ ದೊರೆತ ಮೃತ್ಪಾತ್ರೆಗಳ ಬೋಕಿಗಳನ್ನು, ಅವು ಸಿಕ್ಕಿದ ಸ್ಥಳವನ್ನನುಸರಿಸಿ ವಿಂಗಡಿಸಿ ಇರಿಸಿದ್ದರು. ಆ ಸಂಗ್ರಹದ ಸೂಚಿಯನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖನಾದ ಜಾನ್ ಪೆಂಡಲ್ಬರಿಯು 1941ರ ಮೇ ತಿಂಗಳಲ್ಲಿ ದ್ವೀಪದ ರಕ್ಷಣೆಗಾಗಿ ಹೋರಾಡಿ ಜರ್ಮನ್ ಸೈನಿಕರಿಂದ ಹತನಾದನು. ಇವಾನ್ಸನು ಕಟ್ಟಿಸಿದ ಆರಿಯಾಡ್ನೆ ಭವನವು ಜರ್ಮನ್ ಸೇನಾನಿಗಳ ನಿವಾಸವಾಯಿತು. ಅವರಲ್ಲೊಬ್ಬನಾದ ಜೂಲಿಯಸ್ ರಿಂಗೆಲನು ಕ್ನೊಸ್ಸೊಸ್‌ನ ಪ್ರಾಚೀನ ವಸ್ತುಗಳನ್ನು ಅಪಹರಿಸಿದನು. ಅವುಗಳಲ್ಲಿ ಕೆಲವು ಆಸ್ಟ್ರಿಯ ದೇಶದ ಗ್ರಾಟ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದುವು. ಅಲ್ಲಿದ್ದ 26 ವಸ್ತುಗಳು ಗ್ರೀಸಿಗೆ ಮರಳಿದುದು 2017ರಲ್ಲಿ.

ರಿಂಗೆಲನದು ಸೇನಾನಿಯ ಲೋಭ. ಥೆಸಲಿ ಪ್ರಾಂತದಲ್ಲಿ ನಡೆದುದಾದರೋ ವಿದ್ವಾಂಸರ ಕಾರ್ಯ. 1941ರಲ್ಲಿ ಹಾನ್ಸ್ ರೈನೆರ್ಟನೆಂಬ ಪುರಾತತ್ತ್ವಜ್ಞನು ನಾಟ್ಸಿ ಪಕ್ಷದ ರೋಸೆನ್‌ಬೆರ್ಗ್ ದಳದ ಪರವಾಗಿ ವೆಲೆಸ್ತಿನೊ ಊರಿನ ಬಳಿಯ ಮಗೂಲ ವಿಸ್ವಿಕಿ ಎಂಬ ದಿಬ್ಬವನ್ನು ಅಗೆಯಿಸಿದನು. ಅದು ನವಶಿಲಾಯುಗದ ವಸತಿಯ ನೆಲೆ. ಉತ್ತರದಿಂದ ಬಂದ ಜನರೇ ಗ್ರೀಸಿನ ನಾಗರಿಕತೆಗೆ ಮೂಲರೆಂದು ಸಾಧಿಸುವುದು ಅವನ ಉದ್ದೇಶವಾಗಿದ್ದಿತು. ಸಿದ್ಧಾಂತವು ಮೊದಲೇ ನಿಶ್ಚಿತವಾಗಿದ್ದು, ಪ್ರಮಾಣಗಳನ್ನು ಆಮೇಲೆ ಅರಸಿದಂತಾಯಿತು. ದೊರೆತ ವಸ್ತುಗಳು ಜರ್ಮನಿಗೆ ಸಾಗಿದುವು. ಹತ್ತು ಸಾವಿರಕ್ಕೂ ಮಿಕ್ಕ ಬೋಕಿಗಳನ್ನು ಉಂಟರ್‌ಉಲ್ಡಿಂಗೆನ್ ಊರಿನ ಸಂಗ್ರಹಾಲಯವು ಗ್ರೀಸಿಗೆ ಒಪ್ಪಿಸಿದುದು 2014ರಲ್ಲಿ.

ವಸ್ತುಗಳು ಮರಳಿದ ಮೇಲೆ ನಷ್ಟವು ತುಂಬಿದಂತಲ್ಲವೆ ಎಂದು ಕೆಲವರು ಕೇಳಬಹುದು. ಚಿನ್ನದ ಆಭರಣದ ವಿಷಯದಲ್ಲಿ ಈ ಮಾತು ಒಂದು ಮಟ್ಟಿಗೆ ಸಲ್ಲಬಹುದು. ಬೋಕಿಯಾದರೋ ತಾನಾಗಿ ಬೆಲೆಯುಳ್ಳದ್ದಲ್ಲ. ಅದು ಯಾವ ಸ್ತರದಲ್ಲಿ, ಯಾವ ಗೋಡೆಯ ಮಗ್ಗುಲಲ್ಲಿ, ಯಾವ ವಸ್ತುವಿನ ಜೊತೆಯಲ್ಲಿದ್ದಿತೆಂಬುದರಿಂದಲೇ ಅದು ಸಾಕ್ಷಿಯಾಗುತ್ತದೆ. ಪುಟಗಳು ಕೆದರಿದ ತಾಳೆಯೋಲೆಯ ಗ್ರಂಥವನ್ನು ಬಲ್ಲ ವಿದ್ವಾಂಸನು ಮತ್ತೆ ಜೋಡಿಸಬಹುದು, ಏಕೆಂದರೆ ಕ್ರಮವು ಬರೆಹದಲ್ಲಿಯೇ ಅಡಗಿರುತ್ತದೆ. ಮಣ್ಣಿನ ಸ್ತರಗಳ ಕ್ರಮವು ಅಗೆಯುವವನ ಟಿಪ್ಪಣಿಯಲ್ಲಲ್ಲದೆ ಬೇರೆಲ್ಲಿಯೂ ಉಳಿಯದು. ಪಕ್ಷಪಾತದಿಂದ ಅಗೆದವನ ಟಿಪ್ಪಣಿಯನ್ನು ಪರೀಕ್ಷಿಸಲು ಅದೇ ನೆಲವನ್ನು ಎರಡನೆಯ ಸಲ ಅಗೆಯುವಂತಿಲ್ಲ.

ಶಾಸನಗಳ ಇತಿಹಾಸವೂ ಈ ಭೇದವನ್ನು ತಡವಾಗಿ ಗ್ರಹಿಸಿತು. 1907ರ ಹೇಗ್ ಒಪ್ಪಂದದ 56ನೆಯ ವಿಧಿಯು ಐತಿಹಾಸಿಕ ಸ್ಮಾರಕಗಳ ಮತ್ತು ಕಲಾಕೃತಿಗಳ ಅಪಹರಣವನ್ನೂ ನಾಶವನ್ನೂ ನಿಷೇಧಿಸಿದ್ದಿತು. ಉತ್ಖನನದ ಮಾತು ಅದರಲ್ಲಿಲ್ಲ. ಆಕ್ರಾಂತ ಪ್ರದೇಶದಿಂದ ಸಾಂಸ್ಕೃತಿಕ ವಸ್ತುಗಳು ಹೊರಹೋಗದಂತೆ ತಡೆಯುವ ಹೊಣೆಯನ್ನು 1954ರ ಹೇಗ್ ಒಡಂಬಡಿಕೆಯ ಮೊದಲನೆಯ ಅನುಬಂಧವು ಆಕ್ರಮಿಸಿದವರ ಮೇಲೆ ಹೊರಿಸಿತು. ಸ್ಮಾರಕರಕ್ಷಣೆಗೆ ಅನಿವಾರ್ಯವಾದ ಹೊರತು ಅಂತಹ ಪ್ರದೇಶದಲ್ಲಿ ಭೂಶೋಧನೆಯೇ ಸಲ್ಲದೆಂಬ ನಿಯಮವು 1999ರ ಎರಡನೆಯ ಅನುಬಂಧದ 9ನೆಯ ವಿಧಿಯಲ್ಲಿ ಬಂದಿತು.

ಗ್ರೀಕ್ ಸರ್ಕಾರವು ಯುದ್ಧದಿಂದಲೂ ಆಕ್ರಮಣ ಸೈನ್ಯಗಳಿಂದಲೂ ಆದ ಹಾನಿಯ ವಿವರವನ್ನು 1946ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದಿತು. ವಿಸ್ವಿಕಿಯ ಬೋಕಿಗಳು ತಮ್ಮ ನಾಡನ್ನು ಸೇರಲು ಎಪ್ಪತ್ತಕ್ಕೂ ಮಿಕ್ಕ ವರ್ಷಗಳು ಹಿಡಿದುವು. ಅವು ಮಲಗಿದ್ದ ಸ್ತರಗಳಾದರೋ ಎಂದೆಂದಿಗೂ ಮರಳುವಂತಿಲ್ಲ. ಸತ್ಯಾನ್ವೇಷಣೆಯ ಹೆಸರಿನಲ್ಲಿ ಸಾಕ್ಷ್ಯವನ್ನೇ ಅಳಿಸಿದ ವಿದ್ವಾಂಸನ ಅಪರಾಧವು ಸೇನಾನಿಯ ಅಪರಾಧಕ್ಕಿಂತ ಲಘುವಾದುದೆಂದು ಹೇಳಲು ನಮಗೆ ಕಾರಣವು ಕಾಣದು.