ಕೂಂಡಿ ಮೂರುಸಾಸಿರದ ಸಮೂಹಗಳು ಮತ್ತು ಅಥೆನ್ಸಿನ ಪೌರ

ಬೆಳಗಾವಿ ಜಿಲ್ಲೆಯ ಅಂಕಲಗಿಯನ್ನು ನಡುವಿಟ್ಟು ನೋಡಿದರೆ ನೈಋತ್ಯಕ್ಕೆ ಬೆಳಗಾವಿ, ದಕ್ಷಿಣಕ್ಕೆ ನೇಸರಗಿ, ಉತ್ತರಕ್ಕೆ ಗೋಕಾಕದ ಬಳಿಯ ಕೊಣ್ಣೂರ, ಅದರಾಚೆ ಮೂಡಲಗಿ ತಾಲ್ಲೂಕಿನ ಕಲ್ಲೋಳಿ. ನಾಲ್ಕೂ ಕಡೆ ರಟ್ಟರ ಕಾಲದ ಶಾಸನಗಳು ದೊರೆತಿವೆ. ಕೊಣ್ಣೂರಿನದು 1087 ಮತ್ತು 1121ರ ದಾನಗಳನ್ನು ಹೇಳುತ್ತದೆ. ಕಲ್ಲೋಳಿ ಮತ್ತು ಬೆಳಗಾವಿಯವು 1204ರವು. ನೇಸರಗಿಯದು 1219ರ ಸುಮಾರಿನದು. ಮೊದಲು ಸವದತ್ತಿಯಿಂದ, ಆಮೇಲೆ ವೇಣುಗ್ರಾಮವೆನಿಸಿದ ಬೆಳಗಾವಿಯಿಂದ ರಟ್ಟರು ಆಳಿದ ಈ ನಾಡಿಗೆ ಕೂಂಡಿ ಮೂರುಸಾಸಿರ ಎಂದು ಹೆಸರು. ಜಾನ್ ಫೇತ್‌ಫುಲ್ ಫ್ಲೀಟ್ 19ನೆಯ ಶತಮಾನದಲ್ಲಿ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ಮೇಲೆ ವಿದ್ವಾಂಸರು ಇವುಗಳಿಂದ ಹೆಚ್ಚಾಗಿ ಎರಡನ್ನೇ ಹೆಕ್ಕಿದ್ದಾರೆ: ಅರಸರ ವಂಶಾವಳಿ ಮತ್ತು ಬಸದಿ-ಗುಡಿಗಳ ಚರಿತ್ರೆ. ದಾನ ಕೊಟ್ಟವರಾರು, ಯಾವ ಅಧಿಕಾರದಿಂದ ಕೊಟ್ಟರು ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ಆ ಪ್ರಶ್ನೆಯನ್ನು ಗ್ರೀಕ್ ನಗರರಾಜ್ಯದ ಎದುರಿಗೆ ಇಟ್ಟು ಕೇಳುವುದು ಈ ಲೇಖನದ ಉದ್ದೇಶ.

ಪೌರನೆಂದರೆ ಯಾರು ಎಂಬುದಕ್ಕೆ ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದ ಮೂರನೆಯ ಭಾಗದಲ್ಲಿ ಕೊಟ್ಟ ಉತ್ತರ ಖಚಿತವಾದದ್ದು. ಊರಲ್ಲಿ ವಾಸವಾಗಿದ್ದರೆ ಸಾಲದು, ನ್ಯಾಯ ಕೇಳುವ ಹಕ್ಕಿದ್ದರೂ ಸಾಲದು. ತೀರ್ಪು ಕೊಡುವುದರಲ್ಲಿ ಮತ್ತು ಅಧಿಕಾರದಲ್ಲಿ ಪಾಲುಳ್ಳವನೇ ಪೌರ. ಅಥೆನ್ಸಿನಲ್ಲಿ ಈ ಪಾಲು ಒಬ್ಬೊಬ್ಬನಿಗೂ ನೇರವಾಗಿ ಸಲ್ಲುತ್ತಿತ್ತು. ಕ್ರಿ.ಪೂ. 508-507ರಲ್ಲಿ ಕ್ಲೀಸ್ತನೀಸ್ ಹಳೆಯ ಕುಲಗಳ ಬಲ ಮುರಿದು, ಹಳ್ಳಿ-ಕೇರಿಗಳ ಲೆಕ್ಕದಲ್ಲಿ ಹತ್ತು ಹೊಸ ಗಣಗಳನ್ನು ಕಟ್ಟಿದ. ಹದಿನೆಂಟು ತುಂಬಿದ ಹುಡುಗನ ಹೆಸರನ್ನು ಅವನ ಹಳ್ಳಿಯವರೇ ಮತ ಹಾಕಿ ಪಟ್ಟಿಗೆ ಸೇರಿಸುತ್ತಿದ್ದರು. ಆ ಹಳ್ಳಿಯ ಹೆಸರು ಸಾಯುವತನಕ ಅವನ ಹೆಸರಿಗೆ ಅಂಟಿಕೊಂಡಿರುತ್ತಿತ್ತು. ಐನೂರು ಜನರ ಮಂಡಳಿಗೂ ನ್ಯಾಯಸಭೆಗಳಿಗೂ ಚೀಟಿ ಎತ್ತಿ ಆರಿಸುತ್ತಿದ್ದರು. ಅಧಿಕಾರ ಮುಗಿಸಿದವನು ಲೆಕ್ಕ ಒಪ್ಪಿಸದೆ ಬಿಡುಗಡೆ ಪಡೆಯುವಂತಿರಲಿಲ್ಲ.

ಆದರೆ ಆ ಬಾಗಿಲು ಇಕ್ಕಟ್ಟಿನದು. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ತಂದ ಕಾನೂನಿನಂತೆ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪೌರ. ಪರಊರಿನಿಂದ ಬಂದು ನೆಲೆಸಿದವನು ವರ್ಷಕ್ಕೆ ಹನ್ನೆರಡು ದ್ರಾಕ್ಮಾ ತಲೆಗಂದಾಯ ಕೊಡಬೇಕು, ಯುದ್ಧ ಬಂದರೆ ಆಯುಧ ಹಿಡಿಯಬೇಕು. ಸಭೆಯಲ್ಲಿ ಮಾತ್ರ ಅವನಿಗೆ ಜಾಗವಿಲ್ಲ, ವಿಶೇಷ ಅಪ್ಪಣೆಯಿಲ್ಲದೆ ನೆಲವನ್ನೂ ಕೊಳ್ಳುವಂತಿಲ್ಲ. ಸ್ಟಗೀರದಿಂದ ಬಂದ ಅರಿಸ್ಟಾಟಲ್ ಕೂಡ ಇಂಥ ಪರಸ್ಥಳದವನೇ. ಪೌರತ್ವಕ್ಕೆ ಲಕ್ಷಣ ಬರೆದವನು ಆ ಊರಲ್ಲಿ ಪೌರನಾಗಿರಲಿಲ್ಲ.

ಈಗ ಕನ್ನಡನಾಡಿಗೆ ಬರೋಣ. ಊರಿನ ಕಟ್ಟಳೆಯನ್ನೇ ಕಂಡರಿಸಿದ ಶಾಸನಗಳಲ್ಲಿ ಬಹು ಮುಖ್ಯವಾದದ್ದು ಪುಲಿಗೆರೆಯದು, ಅಂದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ್ದು. 8ನೆಯ ಶತಮಾನದ ಮೊದಲ ಪಾದದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಅಲ್ಲಿಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ, ಅಂದರೆ ಪ್ರಜಾವರ್ಗಗಳಿಗೆ, ಕೊಟ್ಟ ಆಚಾರವ್ಯವಸ್ಥೆ ಅದು. ರಾಜಪುರುಷರು ಊರವರ ಮನೆಗಳನ್ನು, ಹಿಂದಿನ ರಾಜದತ್ತಿಗಳನ್ನು, ತಾಮ್ರಶಾಸನಗಳನ್ನು, ಅನುಭೋಗದ ಆಸ್ತಿಯನ್ನು ಕಾಪಾಡಬೇಕು. ಊರವರು ಗೊತ್ತಾದ ತೆರಿಗೆ ಕೊಡಬೇಕು. ಮನೆತನದ ಅಂತಸ್ತು ನೋಡಿ ಹತ್ತು, ಏಳು, ಐದು, ಮೂರು ಪಣಗಳ ತೆರಿಗೆ. ಕಾರ್ತಿಕದಲ್ಲಿ ಸಲ್ಲುವ ಕೆಲವು ಆದಾಯ ಅರಸನಿಗಲ್ಲ, ಊರಿನ ಶ್ರೇಣಿಗೆ. ಕಂಚುಗಾರರ ಮತ್ತು ತೆಲ್ಲಿಗರ ಸೇಣಿಗಳ, ಅಂದರೆ ಕಸುಬಿನ ಶ್ರೇಣಿಗಳ, ಪ್ರಸ್ತಾಪವೂ ಇದೆ.

ಅಥೆನ್ಸಿನ ಸೋಲನ್ ಕ್ರಿ.ಪೂ. 594ರಲ್ಲಿ ಜನರನ್ನು ಬೆಳೆಯ ಅಳತೆಯ ಮೇಲೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದ. ಪುಲಿಗೆರೆಯಲ್ಲೂ ದರ್ಜೆಗಳಿವೆ. ಸೋಲನ್ನನಲ್ಲಿ ದರ್ಜೆ ನಿರ್ಣಯಿಸಿದ್ದು ಯಾರು ಯಾವ ಪದವಿಗೆ ಬರಬಹುದು ಎಂಬುದನ್ನು. ಪುಲಿಗೆರೆಯಲ್ಲಿ ನಿರ್ಣಯಿಸಿದ್ದು ಯಾರು ಎಷ್ಟು ಹೊರೆ ಹೊರಬೇಕು ಎಂಬುದನ್ನು. ಪುಲಿಗೆರೆಯ ಮನುಷ್ಯನಿಗೆ ಅಧಿಕಾರದ ಪಾಲು ಬರುತ್ತಿದ್ದದ್ದು ಮಹಾಜನ, ನಗರ, ಸೇಣಿ, ಒಕ್ಕಲು ಎಂಬ ಯಾವುದೋ ಒಂದು ಸಮೂಹದ ಮೂಲಕ. ಅರಸ ಮಾತಾಡಿದ್ದು ಈ ಸಮೂಹಗಳೊಡನೆ. ಕನ್ನಡದ ಊರು ಒಬ್ಬಂಟಿ ಪೌರನನ್ನು ಬಲ್ಲದು ಎಂದು ಹೇಳಲು ನನಗೆ ಆಧಾರ ಕಂಡಿಲ್ಲ.

ಇದನ್ನು ಕೊರತೆ ಎಂದಷ್ಟೇ ತಿಳಿದರೆ ಬೆಳಗಾವಿಯ 1204ರ ಶಾಸನ ಅರ್ಥವಾಗುವುದಿಲ್ಲ. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಅರಸ ಭೂಮಿ ಬಿಟ್ಟರೆ, ವರ್ತಕ ಸಂಘಗಳು ತಮ್ಮ ತಮ್ಮ ಸರಕಿನ ಮೇಲೆ ಆಯ ಬಿಟ್ಟವು. ಹಾಗೆ ಬಿಟ್ಟವರಲ್ಲಿ ವೇಣುಗ್ರಾಮದ ಮುಮ್ಮುರಿದಂಡರಿದ್ದಾರೆ. ಗುಜರಾತಿನ ಕಡೆಯ ಲಾಳ ದೇಶದಿಂದ, ಮಲೆಯಾಳದಿಂದ ಬಂದ ಪರದೇಶಿ ವ್ಯಾಪಾರಿಗಳೂ ಇದ್ದಾರೆ. ಆಯ ಬಿಡುವುದೆಂದರೆ ಸಂತೆಯ ಪ್ರತಿಯೊಂದು ಹೇರಿನ ಮೇಲೂ ಇಷ್ಟು ಸಲ್ಲಬೇಕೆಂದು ಕಟ್ಟುಮಾಡುವುದು, ಅದು ಆ ಸಂಘದ ಎಲ್ಲರನ್ನೂ ಕಟ್ಟಿಹಾಕುವ ನಿರ್ಣಯ. ಅಥೆನ್ಸಿನ ಬಂದರಿನಲ್ಲಿ ಜೀವಮಾನವೆಲ್ಲ ವ್ಯಾಪಾರ ಮಾಡಿದ ಸಿರಿಯಾದವನಿಗೆ ಸಿಗದ ಮಾತು ಬೆಳಗಾವಿಯ ಲಾಳದವನಿಗೆ ಸಿಕ್ಕಿತ್ತು, ತನ್ನ ಸಂಘದೊಳಗೆ ನಿಂತು. ರಕ್ತದ ಪಟ್ಟಿಯಿಲ್ಲದ ಊರಿಗೆ ಹೊರಗಿನವನನ್ನು ಒಳಗೊಳ್ಳುವುದು ಸುಲಭವಾಗಿತ್ತು ಎಂದು ನಾನು ತಿಳಿಯುತ್ತೇನೆ.

ಹಾಗೆಂದು ನಮ್ಮ ಊರುಗಳನ್ನು ಗಣರಾಜ್ಯಗಳೆಂದು ಹೊಗಳುವುದು ಸಲ್ಲದು. ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದ ಚಾರ್ಲ್ಸ್ ಮೆಟ್ಕಾಫನ ಮಾತು, ಕೆ. ಪಿ. ಜಾಯಸ್ವಾಲರ ಉತ್ಸಾಹ ಎರಡೂ ಸ್ವಾತಂತ್ರ್ಯದ ಮುಂಚಿನ ವಿದ್ವಾಂಸರನ್ನು ಬಹಳವಾಗಿ ಸೆಳೆದವು. ಮಧ್ಯಯುಗೀನ ಕರ್ನಾಟಕದ ಸ್ಥಳೀಯ ಆಡಳಿತದ ಮೇಲೆ ಜಿ. ಎಸ್. ದೀಕ್ಷಿತರು 1964ರಲ್ಲಿ ಪ್ರಕಟಿಸಿದ ಗ್ರಂಥ ಇಲ್ಲಿ ಹೆಚ್ಚು ಭದ್ರವಾದ ನೆಲೆ. ಅಗ್ರಹಾರದ ಮಹಾಜನರೆಂದರೆ ಬ್ರಾಹ್ಮಣರು; ಹೊಲದಲ್ಲಿ ದುಡಿದ ಹೊಲೆಯ-ಮಾದಿಗರಿಗೆ ಆ ಸಭೆಯಲ್ಲಿ ಮಾತಿರಲಿಲ್ಲ. ಗ್ರೀಕರಲ್ಲಿ ಗುಲಾಮರು ಹೊರಗುಳಿದಂತೆ ಇಲ್ಲಿಯೂ ದುಡಿವ ಕೈ ಹೊರಗೇ ಉಳಿಯಿತು. ಹೆಣ್ಣಿನ ವಿಷಯದಲ್ಲಿ ಮಾತ್ರ ಒಂದು ಬಲವಾದ ಅಪವಾದವಿದೆ: 10ನೆಯ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಯಾಗಿ ಆಳಿದಳು. ಪೆರಿಕ್ಲೀಸನ ಅಥೆನ್ಸಿನಲ್ಲಿ ಇಂಥ ಪದವಿಗೆ ಹೆಣ್ಣೊಬ್ಬಳು ಬರುವುದು ಅಸಾಧ್ಯ.

ಕಾನೂನನ್ನು ಕಲ್ಲಿಗೆ ಬರೆದದ್ದರಲ್ಲಿ ಎರಡೂ ಲೋಕಗಳು ಹತ್ತಿರ ಬರುತ್ತವೆ. ಕ್ರೀಟಿನ ಗಾರ್ಟಿನ್ ಪಟ್ಟಣದವರು ಕ್ರಿ.ಪೂ. 5ನೆಯ ಶತಮಾನದಲ್ಲಿ ಮದುವೆ, ಆಸ್ತಿ, ವಾರಸಿಕೆಯ ಕಟ್ಟಳೆಗಳನ್ನು ಗೋಡೆಯ ಮೇಲೆ ಕೊರೆಸಿದರು. ಟಿಯೋಸ್ ನಗರದ ಕ್ರಿ.ಪೂ. 470ರ ಸುಮಾರಿನ ಶಾಸನದಲ್ಲಿ ಊರಿಗೆ ಕೇಡು ಬಗೆದವನೂ ಆ ಕಲ್ಲನ್ನು ಒಡೆದವನೂ ವಂಶಸಮೇತ ನಾಶವಾಗಲಿ ಎಂಬ ಶಾಪವಿದೆ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎನ್ನುವ ನಮ್ಮ ಶಾಸನಗಳ ಶಾಪಾಶಯವನ್ನು ಬರಿಯ ಧಾರ್ಮಿಕ ರೂಢಿಯೆಂದು ಬದಿಗಿಡುವವರು ಟಿಯೋಸಿನ ಈ ಕಲ್ಲನ್ನು ಗಮನಿಸಬೇಕು. ಜಾರಿ ಮಾಡುವ ದಂಡ ಕೈಗೆಟುಕದ ಮುಂದಿನ ತಲೆಮಾರುಗಳನ್ನು ಕಟ್ಟಳೆಗೆ ಒಳಪಡಿಸುವ ಉಪಾಯ ಅದು. ಶಾಪವೂ ಕಾನೂನಿನ ಅಂಗವೇ.

ಇಂದು ಅಂಕಲಗಿ ಸುತ್ತಿನ ಹಳ್ಳಿಗಳ ಗ್ರಾಮಸಭೆಯಲ್ಲಿ ಕೂರುವವರು ಯಾವ ಸಮೂಹದ ಮೂಲಕವೂ ಬರಬೇಕಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಯ ನಂತರ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ, ಹೆಣ್ಣು ಗಂಡು ಜಾತಿಗಳ ಭೇದವಿಲ್ಲದೆ, ಅದರ ಸದಸ್ಯರು. ಹದಿನೆಂಟಕ್ಕೆ ಹಳ್ಳಿಯ ಪಟ್ಟಿ ಸೇರುವ ಅಥೆನ್ಸಿನ ನಿಯಮ, ಅದರ ಇಕ್ಕಟ್ಟು ಕಳೆದು, ಇಲ್ಲಿಗೆ ಬಂದಿದೆ. ಪಂಚಾಯಿತಿಯ ಲೆಕ್ಕವನ್ನು ಊರವರ ಮುಂದೆ ಬಿಚ್ಚಿಡುವ ವರ್ಷದ ಜಮಾಬಂದಿ, ಅಧಿಕಾರ ಬಿಟ್ಟವನಿಂದ ಅಥೆನ್ಸ್ ಕೇಳುತ್ತಿದ್ದ ಲೆಕ್ಕಕ್ಕೆ ಸಮೀಪದ ಏರ್ಪಾಡು. ಆ ಸಭೆಗಳಲ್ಲಿ ಕೂತು ಲೆಕ್ಕ ಕೇಳುವವರು ತಾವು ಯಾರ ನಂತರ ಬಂದವರು ಎಂದು ತಿಳಿದಿರುವುದು ಒಳ್ಳೆಯದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಶಾಸನಗಳಲ್ಲಿ ಬರುವ ಗಾವುಂಡ, ಮಹಾಜನ, ನಗರ, ಸೇಣಿ, ಮುಮ್ಮುರಿದಂಡ ಮುಂತಾದ ಸಮೂಹಗಳನ್ನೂ ಅವು ಕೈಗೊಂಡ ನಿರ್ಣಯಗಳನ್ನೂ ಊರುವಾರು ಪಟ್ಟಿ ಮಾಡುವ ಕೆಲಸವನ್ನು ಈ ಭಾಗದ ತರುಣ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಗುಡಿಯ ಜೀರ್ಣೋದ್ಧಾರ ಮಾಡಿಸುವ ಊರವರು ಶಾಸನದ ಕಲ್ಲಿಗೆ ಬಣ್ಣ, ಸಿಮೆಂಟು ಬಳಿಯದಂತೆ ನೋಡಿಕೊಳ್ಳಬೇಕು.