ನೆಲಕ್ಕೆ ಅಂಟಿದ ಹಕ್ಕು

ವಾಚಕರೇ, ಭೂಮಿಯನ್ನು ಕೊಳ್ಳುವುದು, ಮಾರುವುದು ತಮಗೆ ತಿಳಿದದ್ದೇ. ಬೆಳೆ ತೆಗೆಯುವ ಹಕ್ಕೇ ಒಂದು ಆಸ್ತಿಯಾದ ಕಥೆಯನ್ನು ಕೇಳಿದ್ದೀರಾ?

ಅಮೆರಿಕೆಯ ಉತ್ತರ ಕ್ಯಾರೊಲಿನಾದ ಪಿಟ್ ಕೌಂಟಿ ಹೊಗೆಸೊಪ್ಪಿನ ನಾಡು. 1933ರಲ್ಲಿ ಬೆಲೆ ನೆಲಕಚ್ಚಿ ರೈತರು ರೊಚ್ಚಿಗೆದ್ದಾಗ ಗವರ್ನರ್ ಎರಿಂಗ್‌ಹಾಸ್ ಹರಾಜು ಮಾರುಕಟ್ಟೆಗಳನ್ನೇ ಮುಚ್ಚಿಸಿದರು. ಬಿತ್ತನೆ ತಗ್ಗಿಸಿದವರಿಗೆ ಕೇಂದ್ರ ಸರ್ಕಾರ ಹಣ ಕೊಡತೊಡಗಿತು. 1936ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಏರ್ಪಾಡನ್ನು ತಳ್ಳಿಹಾಕಿತು. 1938ರ ಶಾಸನ ಬೇರೆ ದಾರಿ ಹಿಡಿಯಿತು: ಒಂದೊಂದು ಹಿಡುವಳಿಗೂ ಇಷ್ಟೇ ಎಂಬ ಪಾಲು, ರೈತರು ಮತ ಹಾಕಿ ಒಪ್ಪಿದರೆ ಮಾತ್ರ ಅದು ಜಾರಿ.

ಆದರೆ ಪಾಲು ಅಂಟಿದ್ದು ನೆಲಕ್ಕೆ. ಒಡೆಯರು ಮುದುಕರಾದರು, ಮಕ್ಕಳು ಪಟ್ಟಣ ಸೇರಿದರು. ಪಾಲು ಮಾತ್ರ ಅವರ ಹೆಸರಿನಲ್ಲೇ ಉಳಿಯಿತು. ಬೆಳೆಯುವವನು ಅದನ್ನು ಗುತ್ತಿಗೆಗೆ ಪಡೆದು, ಬೆವರಿನ ಗಳಿಕೆಯಲ್ಲಿ ಒಂದಂಶ ತೆರಬೇಕಾಯಿತು.

2004ರಲ್ಲಿ ಸಂಸತ್ತು ಈ ಪದ್ಧತಿಯನ್ನೇ ರದ್ದುಮಾಡಿ ಪರಿಹಾರ ನಿಗದಿಮಾಡಿತು. ಪೌಂಡು ಪಾಲಿಗೆ ಒಡೆಯನಿಗೆ 7 ಡಾಲರು, ಬೆಳೆದವನಿಗೆ 3. 2005ರಿಂದ 2014ರವರೆಗೆ ಹತ್ತು ಕಂತುಗಳಲ್ಲಿ. ಹಣ ಬಂದದ್ದು ಸಿಗರೇಟು ಮುಂತಾದವುಗಳ ತಯಾರಕರಿಂದ. ಪಾಲೂ ಬೇಸಾಯವೂ ತನ್ನದೇ ಆಗಿದ್ದವನಿಗೆ ಹತ್ತೂ ದಕ್ಕಿತು. ಗುತ್ತಿಗೆಯವನಿಗೆ ಮೂರೇ, ಬೆಲೆಗಿದ್ದ ಆಸರೆಯೂ ಹೋಯಿತು.

ಕುಸಿದ ಬೆಲೆಯಿಂದ ರೈತನನ್ನು ಕಾಯಲು ಹುಟ್ಟಿದ ಕಾನೂನು, ಲೆಕ್ಕ ತೀರಿಸುವ ದಿನ ಕಾಗದದ ಮೇಲಿನ ಹೆಸರನ್ನೇ ಮೊದಲು ಓದಿತು. ಸರ್ಕಾರದ ಸಹಾಯಧನದ ಮಾತು ಬಂದಾಗಲೆಲ್ಲ ಅದು ಯಾರ ಕೈ ಸೇರುವುದೆಂದು ತಾವೂ ಒಮ್ಮೆ ವಿಚಾರಿಸಿ ನೋಡಿ.