ಸರ್ವರ್ ಸಿದ್ಧತೆ: ಕೈಪಿಡಿಯಿಂದ ಕಂಟೇನರ್‌ವರೆಗೆ

ಆನ್‌ಲೈನ್ ಅಂಗಡಿಯ ಮಾತು ಬಂದರೆ ಎಲ್ಲರೂ 2007ರ ಫ್ಲಿಪ್‌ಕಾರ್ಟ್‌ನಿಂದಲೇ ಶುರುಮಾಡುತ್ತಾರೆ. ಆದರೆ ಅದು ಹುಟ್ಟಿದ ಬೆಂಗಳೂರಿನಲ್ಲೇ 1999ರಷ್ಟು ಹಿಂದೆಯೇ ಫ್ಯಾಬ್‌ಮಾರ್ಟ್ ವ್ಯಾಪಾರಕ್ಕೆ ಇಳಿದಿತ್ತು. ಆಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್ ಇರಲಿಲ್ಲ. ಯಂತ್ರ ಕೊಳ್ಳಬೇಕು, ಇಡಲು ಜಾಗ ನೋಡಬೇಕು, ಆಮೇಲೆ ತಂತ್ರಾಂಶದ ಮಾತು.

ದೊಡ್ಡ ಕಂಪನಿಗಳ ಮಾರಾಟ ತಂತ್ರಾಂಶದಲ್ಲಿ ಐಬಿಎಂನ ನೆಟ್.ಕಾಮರ್ಸ್ 1996ರಲ್ಲಿ ಬಂದು ಮುಂದೆ ವೆಬ್‌ಸ್ಫಿಯರ್ ಕಾಮರ್ಸ್ ಆಯಿತು. ಅದಕ್ಕೆ ಸರ್ವರ್ ಅಣಿಮಾಡುವುದೇ ಒಂದು ಕಸುಬು. ಡಿಸ್ಕ್ ವಿಭಾಗಿಸಿ, ಡೇಟಾಬೇಸ್ ಕೂರಿಸಿ, ವೆಬ್ ಸರ್ವರ್, ಅಪ್ಲಿಕೇಶನ್ ಸರ್ವರ್ ಹಾಕಿ, ಪ್ರತಿಯೊಂದಕ್ಕೂ ಹೇಳಿದ ಆವೃತ್ತಿಯ ಫಿಕ್ಸ್‌ಪ್ಯಾಕ್ ಏರಿಸಬೇಕು. ತಂತ್ರಾಂಶ ನಡೆಸಲು ರೂಟ್ ಅಲ್ಲದ ಬೇರೆ ಖಾತೆ ಬೇಕು. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಒಮ್ಮೆಗೆ ತೆರೆಯಬಹುದಾದ ಫೈಲುಗಳ ಮಿತಿ ಸಾಮಾನ್ಯವಾಗಿ 1024. ಅದನ್ನು ಹೆಚ್ಚಿಸಲು ಮರೆತರೆ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು, ಗಿರಾಕಿಗಳು ನುಗ್ಗಿದ ದಿನ ಅಂಗಡಿ ಮುಗ್ಗರಿಸುತ್ತದೆ. ಇಂಥ ವಿಷಯ ಬಹುಪಾಲು ಒಬ್ಬಿಬ್ಬರು ಅನುಭವಿಗಳ ತಲೆಯಲ್ಲಿರುತ್ತಿತ್ತು. ಅವರು ಕೆಲಸ ಬಿಟ್ಟರೆ ಅದೂ ಅವರ ಜೊತೆಗೇ ಹೋಗುತ್ತಿತ್ತು.

2008ರಲ್ಲಿ ಮಜೆಂಟೋ ಬಿಡುಗಡೆಯಾದ ಮೇಲೆ ಸಣ್ಣ ವ್ಯಾಪಾರಿಗೂ ಪರವಾನಗಿ ಶುಲ್ಕವಿಲ್ಲದ ತಂತ್ರಾಂಶ ಸಿಕ್ಕಿತು. ನನಗೆ ಕುತೂಹಲದ ಕಥೆ ಇರುವುದು ಇಲ್ಲೇ. ಅದರ ಜೊತೆಗಾರ ಡೇಟಾಬೇಸ್ ಮೈಎಸ್‌ಕ್ಯುಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಅದರ ಡಿಫಾಲ್ಟ್ ಲ್ಯಾಟಿನ್ ಲಿಪಿ, ಅಕ್ಷರಕ್ರಮವೂ ಸ್ವೀಡಿಶ್. ಗಾಂಧಿ ಬಜಾರಿನ ಪುಸ್ತಕದಂಗಡಿಯವರು ಆ ಡಿಫಾಲ್ಟ್ ಬದಲಿಸದೆ ಕನ್ನಡ ಶೀರ್ಷಿಕೆ ತುಂಬಿದ್ದರೆ ಉಳಿಯುತ್ತಿದ್ದುದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದಲ್ಲಿ ‘ಗವಿಪುರಂ’ ಎಂದು ಬರೆದರೆ ಗುಣಿತಚಿಹ್ನೆ, ಅನುಸ್ವಾರ ಸೇರಿ ಏಳು ಸಂಕೇತ, 21 ಬೈಟ್. ಬೈಟ್ ಲೆಕ್ಕದಲ್ಲಿ ಅಳತೆ ಇಟ್ಟ ಕಡೆ ಕನ್ನಡದ ವಿಳಾಸ ಅರ್ಧಕ್ಕೇ ತುಂಡಾಗುತ್ತದೆ. ಗವಿಪುರಂಗೆ ಕೂಗಳತೆಯ ಚಾಮರಾಜಪೇಟೆಯಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶ ರೂಪಿಸಿ ಟೈಪಿಸುವ ಕಷ್ಟ ನೀಗಿಸಿತು. ಟೈಪಿಸಿದ್ದನ್ನು ಸರ್ವರ್ ಉಳಿಸಿಕೊಳ್ಳುವುದು ಮಾತ್ರ ಬೇರೆಯೇ ಪಾಡು. ಮೈಎಸ್‌ಕ್ಯುಎಲ್ ತನ್ನ ಡಿಫಾಲ್ಟನ್ನು ಯುಟಿಎಫ್-8ಕ್ಕೆ ಬದಲಿಸಿಕೊಂಡಿದ್ದು 2018ರಲ್ಲಿ, ಎಂಟನೇ ಆವೃತ್ತಿಯಲ್ಲಿ.

2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್‌ನ ಬಿಗ್ ಬಿಲಿಯನ್ ಡೇ ಎಂಬ ರಿಯಾಯಿತಿ ಮಾರಾಟ. ಸುಮಾರು 5000 ಸರ್ವರ್ ಹೂಡಿ, ಇಪ್ಪತ್ತು ಪಟ್ಟು ಸಂದಣಿಗೆ ತಯಾರಾಗಿದ್ದರೂ ಸಾಲಲಿಲ್ಲವೆಂದು ಸ್ಥಾಪಕರೇ ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಯಂತ್ರ ಪೇರಿಸಿದ ಮಾತ್ರಕ್ಕೆ ಸಿದ್ಧತೆಯಾಗದು ಎಂಬುದಕ್ಕೆ ಊರಿನೊಳಗಿನ ಸಾಕ್ಷಿ ಇದು.

ಸರ್ವರ್ ಹೊಂದಿಸುವ ಕೆಲಸವನ್ನು ಸ್ವಯಂಚಾಲಿತಗೊಳಿಸುವ ಪಪೆಟ್, ಶೆಫ್, ಆನ್ಸಿಬಲ್‌ಗಳು ಬಂದು, ಅನುಭವಿಗಳ ತಲೆಯಲ್ಲಿದ್ದ ಪಟ್ಟಿ ಫೈಲಿಗೆ ಇಳಿಯಿತು. 2013ರಲ್ಲಿ, ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ‘ಕಂಟೇನರ್’ ಎಂಬ ಒಂದೇ ಪೊಟ್ಟಣದಲ್ಲಿ ಕಟ್ಟುವ ಡಾಕರ್ ಬಂತು. 2017ರ ಕೊನೆಗೆ ವೆಬ್‌ಸ್ಫಿಯರ್ ಕಾಮರ್ಸ್‌ನ ಒಂಬತ್ತನೇ ಆವೃತ್ತಿಯೂ ಕಂಟೇನರ್‌ಗಳಲ್ಲೇ ಬಂತು. ಅಲ್ಲಿಗೆ ಕೈಕೆಲಸ ತಗ್ಗಿತು, ಹೊಸ ಬಾಬತ್ತುಗಳು ಸೇರಿದವು. 2020ರಲ್ಲಿ ಬಂದಾಗ ಮಜೆಂಟೋ 2.4 ಹುಡುಕಾಟದ ತಂತ್ರಾಂಶ ಇಲಾಸ್ಟಿಕ್‌ಸರ್ಚ್ ಇಲ್ಲದೆ ನಡೆಯುತ್ತಿರಲಿಲ್ಲ. ಇಲಾಸ್ಟಿಕ್‌ಸರ್ಚ್‌ಗೆ ಕರ್ನಲ್‌ನ ಮೆಮೊರಿ ನಕ್ಷೆಗಳ ಮಿತಿಯನ್ನು ಕನಿಷ್ಠ 262144ಕ್ಕೆ ಏರಿಸಬೇಕು. ಇದು ಕಂಟೇನರ್ ಒಳಗಿನ ಕೆಲಸವಲ್ಲ, ಕೆಳಗಿನ ಯಂತ್ರದ್ದು.

ಕಾನೂನೂ ಪಟ್ಟಿಗೆ ಸೇರಿತು. ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. 2022ರ ಅಕ್ಟೋಬರ್‌ನಿಂದ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಅಂಗಡಿಯವರು ಇಟ್ಟುಕೊಳ್ಳುವಂತಿಲ್ಲ. ಎರಡನೆಯದು ಸಿದ್ಧತೆ ಮಾಡುವವರಿಗೆ ವರವೇ: ಕಾಯಬೇಕಾದ ಗುಟ್ಟು ಒಂದು ಕಡಿಮೆಯಾಯಿತು.

ಡಿಫಾಲ್ಟ್‌ಗಳ ಕಾಟ ಮಾತ್ರ ಮುಗಿದಿಲ್ಲ. ಹಗುರಾಗಿರಲೆಂದು ಕಂಟೇನರ್‌ಗಳ ಮೂಲ ಇಮೇಜಿನಲ್ಲಿ ಭಾಷೆಯ ಹೊಂದಿಕೆಯನ್ನೇ ಬಿಟ್ಟಿರುವುದುಂಟು. ವೆಬ್‌ಸ್ಫಿಯರ್ ಕಾಮರ್ಸ್‌ನಂಥ ತಂತ್ರಾಂಶ ನಡೆಯುವ ಜಾವಾ ಯುಟಿಎಫ್-8ನ್ನು ಡಿಫಾಲ್ಟ್ ಮಾಡಿಕೊಂಡಿದ್ದು 2022ರ ಹದಿನೆಂಟನೇ ಆವೃತ್ತಿಯಲ್ಲಿ. ಕಂಪನಿಗಳ ಎಷ್ಟೋ ಅಂಗಡಿಗಳು ಇನ್ನೂ ಹನ್ನೊಂದರಲ್ಲೋ ಹದಿನೇಳರಲ್ಲೋ ಇವೆ. ಅಲ್ಲಿ ಕನ್ನಡ ಹೆಸರಿನ ಸರಕುಪಟ್ಟಿ ಏರಿಸುವ ಮುನ್ನ ಯುಟಿಎಫ್-8 ಬಳಸು ಎಂದು ಹೇಳುವ ಒಂದು ಸಾಲನ್ನು ಈಗಲೂ ಕೈಯಾರೆ ಸೇರಿಸಬೇಕು.